ಮುಂಬಯಿಯ ಕೋಟೆ, ಹಡಗು, ವಸ್ತುಸಂಗ್ರಹಾಲಯ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಬರುವ ನೆಂಟರನ್ನು, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳನ್ನು ರಜೆಯ ದಿನ ಹಳೆಯ ಕೋಟೆಗಳಿಗೂ ಮ್ಯೂಸಿಯಂಗಳಿಗೂ ಕರೆದುಕೊಂಡು ಹೋಗುವುದು ನನಗೆ ಹಲವು ವರ್ಷಗಳ ರೂಢಿ. ದಾರಿಯಲ್ಲಿ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಒಮ್ಮೆ ಬರೆದಿಟ್ಟರೆ ನಾನು ಜೊತೆಗಿಲ್ಲದಾಗಲೂ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಉತ್ತರಿಸಿದ್ದೇನೆ.

ದಕ್ಷಿಣ ಮುಂಬಯಿಯ ಫೋರ್ಟ್ ಎಂಬ ಭಾಗಕ್ಕೆ ಹೋದರೆ ಕೋಟೆಯೇ ಕಾಣುವುದಿಲ್ಲವಲ್ಲ. ಕೋಟೆ ಎಲ್ಲಿದೆ?

ನೀವು ನಿಂತಿರುವುದೇ ಕೋಟೆಯೊಳಗೆ. ಗೋಡೆ ಮಾತ್ರ ಇಲ್ಲ. ಪೋರ್ಚುಗೀಸ್ ರಾಜಕುಮಾರಿ ಕ್ಯಾಥರಿನ್ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನನ್ನು ಮದುವೆಯಾಗುವ ಒಪ್ಪಂದ 1661ರಲ್ಲಿ ಆದಾಗ ಮುಂಬಯಿ ಬಳುವಳಿಯಾಗಿ ಇಂಗ್ಲಿಷರ ಪಾಲಿಗೆ ಬಂತು. 1668ರಲ್ಲಿ ಆ ರಾಜ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಊರಿನ ಸುತ್ತ ಗೋಡೆ ಎದ್ದದ್ದು ಚಾರ್ಲ್ಸ್ ಬೂನ್ ಗವರ್ನರ್ ಆಗಿದ್ದಾಗ, 1715ರ ನಂತರದ ವರ್ಷಗಳಲ್ಲಿ. ಅದಕ್ಕೆ ಮೂರು ದೊಡ್ಡ ಬಾಗಿಲುಗಳಿದ್ದವು: ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. ದಿನಾ ಬೆಳಗ್ಗೆ ಲಕ್ಷಾಂತರ ಜನ ಇಳಿಯುವ ಚರ್ಚ್‌ಗೇಟ್ ನಿಲ್ದಾಣದ ಹೆಸರು ಆ ಬಾಗಿಲಿನದು. ಅಲ್ಲಿಂದ ನೇರ ಒಳಗೆ ನಡೆದರೆ ಸಿಗುತ್ತಿದ್ದ ಚರ್ಚ್ ಎಂದರೆ 1718ರಲ್ಲಿ ತೆರೆದ ಸೇಂಟ್ ಥಾಮಸ್ ಕ್ಯಾಥೆಡ್ರಲ್.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬರುವಷ್ಟರಲ್ಲಿ ಹೊರಗಿನ ಶತ್ರುಗಳ ಭಯ ಹೋಗಿತ್ತು, ಒಳಗೆ ಜನ ಹಿಡಿಸದಷ್ಟು ತುಂಬಿದ್ದರು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಗೋಡೆಗಳನ್ನು ಕೆಡವಿಸಿದ. ಆ ಜಾಗದಲ್ಲಿ ರಸ್ತೆಗಳೂ ನಾವು ಇಂದು ಬೆರಗಿನಿಂದ ನೋಡುವ ದೊಡ್ಡ ಕಟ್ಟಡಗಳೂ ಬಂದವು. ಕಾಲಾ ಘೋಡಾದ ಹತ್ತಿರದ ರಸ್ತೆಯೊಂದನ್ನು ಹಳಬರು ಇನ್ನೂ ರ್‍ಯಾಂಪಾರ್ಟ್ ರೋ ಎಂದೇ ಕರೆಯುತ್ತಾರೆ. ರ್‍ಯಾಂಪಾರ್ಟ್ ಎಂದರೆ ಕೋಟೆಯ ಗೋಡೆ. ಆ ಗೋಡೆ ಅಲ್ಲಿತ್ತು ಎಂಬುದಕ್ಕೆ ಆ ಹೆಸರೊಂದೇ ಸಾಕ್ಷಿ. ಕಲ್ಲನ್ನೇ ಮುಟ್ಟಿ ನೋಡಬೇಕೆಂದರೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದ ಪೂರ್ವಕ್ಕೆ, ಸೇಂಟ್ ಜಾರ್ಜ್ ಆಸ್ಪತ್ರೆಯ ಹಿಂದೆ ಹೋಗಿ. 1769ರಲ್ಲಿ ಕಟ್ಟಿದ ಸೇಂಟ್ ಜಾರ್ಜ್ ಕೋಟೆಯ ತುಂಡೊಂದು ಅಲ್ಲಿ ಉಳಿದಿದೆ.

ಆಜಾದ್ ಮೈದಾನ, ಓವಲ್ ಮೈದಾನಗಳಿಗೂ ಸೈನ್ಯಕ್ಕೂ ಸಂಬಂಧವಿದೆಯೇ?

ಇದೆ. ನನ್ನ ಮಟ್ಟಿಗೆ ಮುಂಬಯಿಯ ಅತಿ ದೊಡ್ಡ ಸೈನಿಕ ಸ್ಮಾರಕ ಈ ಮೈದಾನಗಳೇ. ಕೋಟೆಯ ಮೇಲಿನ ತೋಪುಗಳಿಗೆ ಗುರಿ ಕಾಣಬೇಕು, ಮುತ್ತಿಗೆ ಹಾಕುವವರಿಗೆ ಅಡಗಲು ಮರೆ ಸಿಗಬಾರದು ಎಂದು ಗೋಡೆಯ ಹೊರಗೆ ಮನೆ, ಮರ ಯಾವುದೂ ಇಲ್ಲದಂತೆ ವಿಶಾಲವಾದ ಬಯಲನ್ನು ಬಿಟ್ಟಿದ್ದರು. ಅದಕ್ಕೆ ಎಸ್‌ಪ್ಲನೇಡ್ ಎಂದು ಹೆಸರು. 1803ರ ಫೆಬ್ರುವರಿಯಲ್ಲಿ ಕೋಟೆಯೊಳಗೆ ಭಾರಿ ಬೆಂಕಿ ಬಿದ್ದಾಗ ಮನೆ ಕಳೆದುಕೊಂಡ ಎಷ್ಟೋ ಮಂದಿ ಈ ಬಯಲಿನ ಆಚೆ, ಉತ್ತರಕ್ಕೆ ಹೋಗಿ ನೆಲೆಸಬೇಕಾಯಿತು. ಗೋಡೆ ಹೋದ ಮೇಲೂ ಬಯಲಿನ ಒಂದಷ್ಟು ಭಾಗ ಉಳಿದುಕೊಂಡಿತು. ಅದೇ ಇಂದಿನ ಆಜಾದ್, ಕ್ರಾಸ್, ಓವಲ್, ಕೂಪರೇಜ್ ಮೈದಾನಗಳು. ಒಂದು ಚದರಡಿಗೆ ಬಡಿದಾಡುವ ಈ ಊರಿನ ನಟ್ಟನಡುವೆ ಹುಡುಗರು ಕ್ರಿಕೆಟ್ ಆಡುವಷ್ಟು ಜಾಗ ಹೇಗೆ ಉಳಿಯಿತು ಎಂದು ಕೇಳಿದರೆ, ತೋಪಿನ ಗುಂಡಿಗೆ ದಾರಿ ಬಿಟ್ಟದ್ದರಿಂದ ಎನ್ನಬೇಕು.

ಪಕ್ಕದ ಮರೀನ್ ಲೈನ್ಸ್ ಕೂಡ ಅಂಥದೇ ಹೆಸರು. ಮರೀನ್ ಬೆಟಾಲಿಯನ್ನಿನ ಸಿಪಾಯಿಗಳು ವಾಸವಿದ್ದ ಸಾಲುಮನೆಗಳು ಅಲ್ಲಿದ್ದವು.

ಇದೆಲ್ಲ ಪೋರ್ಚುಗೀಸರ, ಇಂಗ್ಲಿಷರ ಕಥೆ. ಕನ್ನಡಿಗರಾದ ನಮಗೆ ಇಲ್ಲಿ ಏನಿದೆ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ಮಾತು ನಿಲ್ಲಿಸುವುದು ಕಷ್ಟ. ಈ ಬಂದರಿನ ಯುದ್ಧದ ಕಥೆ ಇಂಗ್ಲಿಷರಿಂದ ಶುರುವಾಗುವುದಿಲ್ಲ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆದ ಶಾಸನವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಹರ್ಷವರ್ಧನನ ಸೋಲನ್ನು ಹೇಳುವ ಶಾಸನ ಎಂದಷ್ಟೇ ನೆನಪಿಟ್ಟುಕೊಂಡಿದ್ದೇವೆ. ಅದೇ ಶಾಸನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿದ್ದೂ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಮದಗಜಗಳ ಹಿಂಡಿನಂಥ ನೂರಾರು ಹಡಗುಗಳಿಂದ ಮುತ್ತಿದ್ದೂ ಇದೆ. ಆ ಪುರಿ ಎಂದರೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹಿಡಿದು ನಾವು ನೋಡಲು ಹೋಗುವ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪವೇ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಜಂಜೀರದ ಬಳಿಯ ರಾಜಪುರಿ ಎನ್ನುವವರೂ ಇದ್ದಾರೆ. ಯಾವುದೇ ಆಗಲಿ, ಈ ನೀರಿನ ಮೇಲೆ ಬಾದಾಮಿಯ ಹಡಗುಗಳು ಬಂದಿದ್ದವು. ಎಲಿಫೆಂಟಾದ ದೋಣಿಯಲ್ಲಿ ಕುಳಿತಾಗ ಆ ಸಾಲನ್ನು ಮಕ್ಕಳಿಗೆ ಹೇಳಿ ನೋಡಿ.

ಮುಂದಿನ ನಂಟು ಕಹಿಯಾದದ್ದು. ಮೈಸೂರಿನ ಮೇಲೆ ಕಂಪನಿ ನಡೆಸಿದ ಯುದ್ಧಗಳಲ್ಲಿ ಒಂದು ಕೈ ಮದರಾಸಿನದು, ಇನ್ನೊಂದು ಕೈ ಮುಂಬಯಿಯದು. 1783ರಲ್ಲಿ ಬಿದನೂರನ್ನು ಹಿಡಿದ ಜನರಲ್ ಮ್ಯಾಥ್ಯೂಸ್ ಮುಂಬಯಿ ಸೇನೆಯವನು. ಟಿಪ್ಪು ಆ ಊರನ್ನು ಮರಳಿ ಗೆದ್ದು ಅವನನ್ನು ಸೆರೆಹಿಡಿದ. ಮಂಗಳೂರಿನ ಕೋಟೆಯೊಳಗೆ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಮುತ್ತಿಗೆ ತಾಳಿಕೊಂಡವರೂ ಇದೇ ಸೇನೆಯ ಕರ್ನಲ್ ಕ್ಯಾಂಪ್‌ಬೆಲ್ ಮತ್ತು ಅವನ ಸಿಪಾಯಿಗಳು. 1784ರ ಮಂಗಳೂರು ಒಪ್ಪಂದದ ಹಿನ್ನೆಲೆ ಅದು. 1799ರಲ್ಲಿ ಶ್ರೀರಂಗಪಟ್ಟಣದತ್ತ ಕೊಡಗಿನ ದಾರಿಯಾಗಿ ಬಂದದ್ದೂ ಮುಂಬಯಿ ಸೇನೆಯೇ. ಪಿರಿಯಾಪಟ್ಟಣದ ಬಳಿ ಸಿದ್ದೇಶ್ವರದಲ್ಲಿ ಟಿಪ್ಪು ಅದನ್ನು ತಡೆಯಲು ನೋಡಿದ, ಆಗಲಿಲ್ಲ.

ಆ ಕೊಡಗಿನ ಮಗನೊಬ್ಬ ನೂರಿಪ್ಪತ್ತು ವರ್ಷಗಳ ಬಳಿಕ ಇದೇ ಊರಿನಲ್ಲಿ ತನ್ನ ಸೈನಿಕ ಬದುಕನ್ನು ಆರಂಭಿಸಿದರು. ಕೆ. ಎಂ. ಕಾರ್ಯಪ್ಪನವರು ಅಧಿಕಾರಿಯಾಗಿ ಮೊದಲು ಸೇರಿದ್ದು ಮುಂಬಯಿಯಲ್ಲಿದ್ದ 88ನೆಯ ಕರ್ನಾಟಿಕ್ ಪದಾತಿ ದಳಕ್ಕೆ. ಅವರೇ 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು.

ಬೋರಿವಲಿಯಲ್ಲಿ ವೀರಗಲ್ಲುಗಳಿವೆ ಎಂಬುದು ನಿಜವೇ?

ನಿಜ. ಬೋರಿವಲಿ ಪಶ್ಚಿಮದ ಎಕ್ಸರ್ ಎಂಬಲ್ಲಿ, ಕಟ್ಟಡಗಳ ನಡುವೆ ನಿಂತಿವೆ. ನಮ್ಮ ಊರುಗಳ ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ವೀರಗಲ್ಲು ನೋಡಿ ಬೆಳೆದವರಿಗೆ ಇವುಗಳನ್ನು ಓದಲು ಯಾರ ಸಹಾಯವೂ ಬೇಕಾಗಿಲ್ಲ. ಕೆಳಗಿನ ಪಟ್ಟಿಕೆಯಿಂದ ಮೇಲಕ್ಕೆ ನೋಡುತ್ತ ಹೋಗಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಪೂಜೆ. ಆದರೆ ಇಲ್ಲಿ ಕಣ್ಣರಳುವುದು ಬೇರೆ ಕಾರಣಕ್ಕೆ. ತುರುಗೋಳ್ (ದನಗಳಿಗಾಗಿ ಕಾಳಗ), ಊರಳಿವು (ಊರಿನ ನಾಶ), ಹುಲಿಬೇಟೆ ನೋಡಿ ರೂಢಿಯಾದ ನಮಗೆ ಇಲ್ಲಿ ಕಾಣುವುದು ಹಡಗುಗಳ ಸಾಲು. ಕೂವೆಮರ ಎತ್ತಿದ, ಸಾಲಾಗಿ ಹುಟ್ಟು ಹಾಕುತ್ತಿರುವ ಹಡಗುಗಳು ಒಂದರ ಮೇಲೊಂದು ಏರಿಹೋಗುತ್ತಿವೆ. ಕಡಲಕಾಳಗವನ್ನು ಕಲ್ಲಿನಲ್ಲಿ ಇಷ್ಟು ವಿವರವಾಗಿ ಕಂಡರಿಸಿದ್ದು ತೀರಾ ಅಪರೂಪ.

ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಶಿಲಾಹಾರರ ಕೊನೆಯ ದೊರೆ ಸೋಮೇಶ್ವರನಿಗೂ ದೇವಗಿರಿಯ ಸೇವುಣ ಮಹಾದೇವನಿಗೂ 1265ರ ಸುಮಾರಿಗೆ ನಡೆದ ಯುದ್ಧ ಇದು ಎಂಬುದು ಬಹಳ ಮಂದಿ ಒಪ್ಪುವ ಅಭಿಪ್ರಾಯ. ಕಲ್ಲುಗಳ ಕಾಲ ಇನ್ನೂ ಹಿಂದಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಸೋಮೇಶ್ವರ ಆ ಯುದ್ಧದಲ್ಲಿ ಕಡಲುಪಾಲಾದ. ಮಹಾದೇವನ ಕೋಪದ ಬೆಂಕಿಗಿಂತ ಸಮುದ್ರದೊಳಗಿನ ಬೆಂಕಿಯೇ ಮೇಲೆಂದು ಅವನು ಮುಳುಗಿದ ಎಂಬ ಅರ್ಥದ ಮಾತನ್ನು ಸೇವುಣರ ಮಂತ್ರಿ ಹೇಮಾದ್ರಿ ಬರೆದಿದ್ದಾನೆ. ಗೆದ್ದವರು ಬರೆದ ಮಾತು ಅದು. ಸೋತವರ ಕಡೆಯ ಮಾತು ಈ ಕಲ್ಲುಗಳಲ್ಲಿ ಇದ್ದರೂ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಇಂಥ ಕಲ್ಲುಗಳಿಗೆ ಮುಂಬಯಿ ಕೊಡುತ್ತಿರುವ ಗಮನ ಸಾಲದು. ಹೋದವರು ಕುಂಕುಮ ಹಚ್ಚುವುದು, ಎಣ್ಣೆ ಸುರಿಯುವುದು ಬೇಡ. ಕೈಮುಗಿದರೆ ಸಾಕು.

ಒಂದೇ ಒಂದು ಮ್ಯೂಸಿಯಂ ನೋಡುವಷ್ಟು ಸಮಯವಿದೆ. ಯಾವುದಕ್ಕೆ ಹೋಗಲಿ?

ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ. ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನ್ನುತ್ತಾರೆ. 1905ರಲ್ಲಿ ಅಡಿಗಲ್ಲು ಹಾಕಿ, 1914ರಲ್ಲಿ ಕಟ್ಟಿ ಮುಗಿಸುವ ಹೊತ್ತಿಗೆ ಮೊದಲ ಮಹಾಯುದ್ಧ ಬಂದು, ಶಿಲ್ಪ ಚಿತ್ರಗಳಿಗೆಂದು ಕಟ್ಟಿದ ಅಂಗಣಗಳಲ್ಲಿ ಗಾಯಗೊಂಡ ಸೈನಿಕರ ಹಾಸಿಗೆಗಳನ್ನು ಹಾಕಿದರು. ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು 1922ರ ಜನವರಿಯಲ್ಲಿ. ಗೇಟ್‌ವೇಯನ್ನು ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಇದರದೂ ವಾಸ್ತುಶಿಲ್ಪಿ. ಆಯುಧಗಳ ವಿಭಾಗದಲ್ಲಿ ಕತ್ತಿ, ಕಠಾರಿ, ಬಂದೂಕುಗಳ ನಡುವೆ ಅಕ್ಬರನ ಎದೆಕವಚ ಮತ್ತು ಗುರಾಣಿ ಇವೆ. ಹುಡುಗರು ಅಲ್ಲಿಂದ ಕದಲುವುದಿಲ್ಲ.

ಆಯುಧ ನೋಡಲು ಹೋದವರು ದಯವಿಟ್ಟು ಶಿಲ್ಪಗಳ ಅಂಗಣವನ್ನು ಬಿಟ್ಟು ಬರಬೇಡಿ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಅಲ್ಲಿವೆ. ಬಾಗಲಕೋಟೆ ಜಿಲ್ಲೆಯ ನೆಂಟರೊಬ್ಬರನ್ನು ಕರೆದೊಯ್ದಿದ್ದಾಗ ಅವರು ಬ್ರಹ್ಮನ ಮುಂದೆ ಬಹಳ ಹೊತ್ತು ನಿಂತಿದ್ದರು. "ಆ ಗುಡಿಯಲ್ಲಿ ತಲೆ ಎತ್ತಿ ನೋಡಿದರೆ ಬರಿದಾಗಿ ಕಾಣುತ್ತದೆ, ಇವನು ಇಲ್ಲಿದ್ದಾನೆ" ಎಂದರು. ಆ ಕಲ್ಲುಗಳು ಮರಳಿ ಐಹೊಳೆಗೆ ಹೋಗಬೇಕೆಂಬುದು ಅವರ ವಾದ. ಇಲ್ಲಿ ಅವು ಜತನವಾಗಿವೆ, ಸಾವಿರಾರು ಜನ ನೋಡುತ್ತಾರೆ ಎಂಬುದು ನನ್ನ ಸಮಾಧಾನ. ವಾದ ಇನ್ನೂ ಮುಗಿದಿಲ್ಲ.

ಭಾಯಖಳಾದ ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ ಸೈನ್ಯಕ್ಕೆ ಸಂಬಂಧಿಸಿದ್ದು ಇದೆಯೇ?

ಹೆಚ್ಚೇನೂ ಇಲ್ಲ. 1872ರಲ್ಲಿ ತೆರೆದ, ನಗರದ ಅತ್ಯಂತ ಹಳೆಯ ಮ್ಯೂಸಿಯಂ ಅದು. ದೋಣಿಗಳ ಮಾದರಿಗಳೂ ಊರಿನ ಜನಜೀವನದ ಮಣ್ಣಿನ ಗೊಂಬೆಗಳೂ ಚೆನ್ನಾಗಿವೆ. ಮ್ಯೂಸಿಯಂ ಇರುವ ಉದ್ಯಾನದಲ್ಲಿ ಘಾರಾಪುರಿಯಿಂದ ತಂದ ಕಲ್ಲಾನೆ ಇದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯನ್ನು ಕಂಡೇ. ಇಂಗ್ಲೆಂಡಿಗೆ ಸಾಗಿಸಲು 1864ರಲ್ಲಿ ಎತ್ತುವಾಗ ಒಡೆದುಹೋಯಿತು. ಚೂರುಗಳನ್ನು ಆಮೇಲೆ ಜೋಡಿಸಿ ಇಲ್ಲಿ ನಿಲ್ಲಿಸಿದರು.

ಐಎನ್‌ಎಸ್ ವಿಕ್ರಾಂತ್ ನೋಡಬಹುದೇ? ಚಿಕ್ಕಂದಿನಲ್ಲಿ ನೋಡಿದ ನೆನಪಿದೆ.

ಆ ಹಡಗು ಈಗ ಇಲ್ಲ. ಇದನ್ನು ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. 1961ರಲ್ಲಿ ನೌಕಾಪಡೆಗೆ ಸೇರಿದ, ನಮ್ಮ ದೇಶದ ಮೊದಲ ವಿಮಾನವಾಹಕ ಹಡಗು ಅದು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ನಿಂತು, ಅದರ ಮೇಲಿಂದ ಹಾರಿದ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿದವು. 1997ರ ಜನವರಿ 31ರಂದು ನಿವೃತ್ತವಾಯಿತು. ಆಮೇಲೆ ಮುಂಬಯಿಯಲ್ಲಿ ತೇಲುವ ಮ್ಯೂಸಿಯಂ ಆಗಿ, ವರ್ಷದ ಕೆಲವು ದಿನಗಳು ಮಾತ್ರ ಜನರಿಗೆ ತೆರೆಯುತ್ತಿತ್ತು. ಕುಂದಾಪುರದಿಂದ ಬಂದಿದ್ದ ನನ್ನ ಸೋದರಮಾವನ ಕೈಹಿಡಿದು ಅದರ ಡೆಕ್ಕಿನ ಮೇಲೆ ನಡೆದದ್ದು ನೆನಪಿದೆ. ಜೀವಮಾನವೆಲ್ಲ ಮೀನಿನ ದೋಣಿಯಲ್ಲಿ ಕಳೆದ ಅವರು ಡೆಕ್ಕಿನ ಕಬ್ಬಿಣದ ತಟ್ಟೆಯನ್ನು ಅಂಗೈಯಿಂದ ಸವರಿ ನೋಡಿದ್ದರು.

ಹಡಗಿನ ತಳ ಸವೆದಿದೆ, ಜನರನ್ನು ಹತ್ತಿಸುವುದು ಅಪಾಯ ಎಂದು 2012ರಲ್ಲಿ ಪ್ರವೇಶ ನಿಲ್ಲಿಸಿದರು. ಉಳಿಸಿಕೊಳ್ಳಲು ಹಣ ಕೂಡಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ 2014ರಲ್ಲಿ ಒಡೆಯಲು ಆರಂಭಿಸಿದರು. ಅದರ ಲೋಹದಿಂದ ಮಾಡಿದ ಸ್ಮಾರಕವನ್ನು 2016ರಲ್ಲಿ ನೌಕಾನೆಲೆಯ ಲಯನ್ ಗೇಟ್ ಎದುರಿನ ರಸ್ತೆ ನಡುಗಡ್ಡೆಯಲ್ಲಿ ನಿಲ್ಲಿಸಿದ್ದಾರೆ. ಫೋರ್ಟ್ ಕಡೆ ಹೋದಾಗ ನೋಡಿ. ಆದರೆ ಹಡಗಿನ ಮೇಲೆ ಹತ್ತಿ ಇಳಿದ ಅನುಭವವನ್ನು ಅದು ಕೊಡಲಾರದು. ಅದೇ ಹೆಸರಿನ ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದೆ.

ಮಕ್ಕಳನ್ನು ನಿಜವಾದ ಯುದ್ಧನೌಕೆಯೊಳಗೆ ಕರೆದೊಯ್ಯಬೇಕೆಂದಿದ್ದರೆ ಊರಿಗೆ ಹೋಗುವಾಗ ಕಾರವಾರದಲ್ಲಿ ಇಳಿಯಿರಿ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಬಂದು ನಿಂತಿದೆ. ಮುಂಬಯಿ ಕೈಬಿಟ್ಟದ್ದನ್ನು ನಮ್ಮ ಕಾರವಾರ ಚಿಕ್ಕ ಮಟ್ಟದಲ್ಲಾದರೂ ಮಾಡಿ ತೋರಿಸಿದೆ.

ಹಡಗು ಕಟ್ಟುವ ಕೆಲಸ ಮುಂಬಯಿಯಲ್ಲಿ ಎಷ್ಟು ಹಳೆಯದು?

1736ರಲ್ಲಿ ಸೂರತ್‌ನಿಂದ ಲೌಜಿ ನಸರವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯನ್ನು ಕಂಪನಿ ಇಲ್ಲಿಗೆ ಕರೆತಂದಿತು. 1750ರಲ್ಲಿ ಇಲ್ಲಿ ಕಟ್ಟಿದ ಒಣ ಹಡಗುಕಟ್ಟೆ (ಡ್ರೈ ಡಾಕ್) ಏಷ್ಯಾದಲ್ಲೇ ಮೊದಲನೆಯದು. ವಾಡಿಯಾ ಮನೆತನದವರು ತಲೆಮಾರುಗಳ ಕಾಲ ಬ್ರಿಟಿಷ್ ನೌಕಾಪಡೆಗೂ ಹಡಗು ಕಟ್ಟಿಕೊಟ್ಟರು. 1810ರಲ್ಲಿ 74 ತೋಪುಗಳ ಮಿಂಡೆನ್, 1813ರಲ್ಲಿ ಕಾರ್ನ್‌ವಾಲಿಸ್. ಅಫೀಮು ಯುದ್ಧದ ಕೊನೆಗೆ 1842ರಲ್ಲಿ ಚೀನಾ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಕಾರ್ನ್‌ವಾಲಿಸ್ ಹಡಗಿನ ಮೇಲೆ. 1817ರಲ್ಲಿ ನೀರಿಗಿಳಿದ ಟ್ರಿಂಕೊಮಾಲಿ ಇನ್ನೂ ಇದೆ. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿರುವ ಅದನ್ನು ಅಲ್ಲಿನವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಾರೆ. ನೆಪೋಲಿಯನ್ ಯುದ್ಧಗಳ ಬಳಿಕ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಮಲಬಾರಿನ ಸಾಗುವಾನಿಯ ಹಡಗು ಇನ್ನೂರು ವರ್ಷ ದಾಟಿದರೂ ಗಟ್ಟಿಯಾಗಿದೆ. ಇಲ್ಲಿ ಕಟ್ಟಿದ್ದು ಅಲ್ಲಿ ಉಳಿಯಿತು, ಅಲ್ಲಿ ಕಟ್ಟಿದ ವಿಕ್ರಾಂತ್ ಇಲ್ಲಿ ಉಳಿಯಲಿಲ್ಲ.

ಹಳೆಯ ಹಡಗುಕಟ್ಟೆ ಈಗ ನೌಕಾಪಡೆಯ ವಶದಲ್ಲಿದೆ, ನಮಗೆ ಪ್ರವೇಶವಿಲ್ಲ. ಹಡಗು ಕಟ್ಟುವ ಸಂಸ್ಥೆಯಾದ ಮಜಗಾಂವ್ ಡಾಕ್‌ನವರು ತಮ್ಮ ಆವರಣದಲ್ಲಿ ಧರೋಹರ್ ಎಂಬ ಮ್ಯೂಸಿಯಂ ಮಾಡಿದ್ದಾರೆ. ಶಾಲೆ, ಸಂಘಗಳು ಮೊದಲೇ ಬರೆದು ಅನುಮತಿ ಕೇಳುವುದು ಒಳ್ಳೆಯದು.

ಬಾಂಬೆ ಕ್ಯಾಸಲ್ ಒಳಗೆ ಬಿಡುತ್ತಾರೆಯೇ?

ಸಾಮಾನ್ಯವಾಗಿ ಇಲ್ಲ. ಏಷ್ಯಾಟಿಕ್ ಸೊಸೈಟಿಯ ಹಿಂದಿರುವ ಐಎನ್‌ಎಸ್ ಆಂಗ್ರೆ ನೌಕಾನೆಲೆಯೊಳಗೆ ಅದರ ಅವಶೇಷಗಳಿವೆ. ಮೊದಲು ಅಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾನ ಮನೆಯಿತ್ತು. ನಮ್ಮ ನಾಡಿನ ಔಷಧಿ ಸಸ್ಯಗಳ ಬಗ್ಗೆ 1563ರಲ್ಲಿ ಗೋವಾದಲ್ಲಿ ಪುಸ್ತಕ ಅಚ್ಚು ಹಾಕಿಸಿದವನು ಅವನೇ. ಜೀವಮಾನವೆಲ್ಲ ಇಂಗ್ಲಿಷರ ಹಡಗುಗಳನ್ನು ಕಾಡಿದ ಮರಾಠ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಹೆಸರು ಇಂಗ್ಲಿಷರ ಮೊದಲ ಕೋಟೆಗೇ ಬಂದು ಕುಳಿತಿದೆ. ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಲೋಕಲ್ ರೈಲಿನಲ್ಲೇ ಹೋಗಿ ನೋಡಬಹುದಾದ ಚಿಕ್ಕ ಕೋಟೆಗಳು ಯಾವುವು?

ಸಾಯನ್ನಿನಿಂದ ಆರಂಭಿಸಿ. ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರದ ಗುಡ್ಡದ ಮೇಲೆ 1669ರಿಂದ 1677ರ ನಡುವೆ, ಗವರ್ನರ್ ಜೆರಾಲ್ಡ್ ಆಂಜಿಯರ್‌ನ ಕಾಲದಲ್ಲಿ ಕಟ್ಟಿದ ಕೋಟೆಯಿದೆ. ಮರಾಠಿಯಲ್ಲಿ ಈ ಊರು ಶೀವ್, ಎಂದರೆ ಗಡಿ. ನಮ್ಮ ಸೀಮೆ ಎಂಬ ಮಾತಿನ ಬಂಧು. ಇತ್ತ ಕಂಪನಿಯ ದ್ವೀಪ, ಅತ್ತ ಪೋರ್ಚುಗೀಸರ ಸಾಷ್ಟಿ ದ್ವೀಪ. ಗುಡ್ಡದ ನೆತ್ತಿಯಲ್ಲಿ ನಿಂತರೆ ಗಡಿ ಕಾಯುವವನಿಗೆ ಏನೇನು ಕಾಣಬೇಕಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಇಳಿದು ಮಾಟುಂಗಕ್ಕೆ ಬಂದರೆ ನಮ್ಮವರ ಹೋಟೆಲುಗಳಲ್ಲಿ ಇಡ್ಲಿ ಕಾಫಿ ಆಗುತ್ತದೆ.

ಶಿವಡಿಯ ಕೋಟೆ 1680ರದು. 1689ರಲ್ಲಿ ಮೊಗಲರ ನೌಕಾಧಿಪತಿ, ಜಂಜೀರದ ಸಿದ್ದಿ ಯಾಕೂತ್ ಖಾನ್ ದಂಡು ಸಮೇತ ಇಳಿದದ್ದು ಶಿವಡಿಯಲ್ಲಿ. ಮಜಗಾಂವ್, ಮಾಹಿಮ್ ಎಲ್ಲವೂ ಅವನ ಕೈಸೇರಿ, ಇಂಗ್ಲಿಷರು ತಿಂಗಳುಗಟ್ಟಲೆ ತಮ್ಮ ಕೋಟೆಯೊಳಗೆ ಬಂದಿಗಳಾದರು. ಕೊನೆಗೆ ಔರಂಗಜೇಬನ ಮುಂದೆ ಮಂಡಿಯೂರಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತ ಮೇಲೆ 1690ರಲ್ಲಿ ಸಿದ್ದಿ ಹಿಂದಿರುಗಿದ, ಹೋಗುವಾಗ ಮಜಗಾಂವ್ ಕೋಟೆಯನ್ನು ಹಾಳುಮಾಡಿ ಹೋದ. ಇಂಗ್ಲಿಷರ ಸಾಮ್ರಾಜ್ಯ ಇಲ್ಲಿಯೇ ಮುಗಿದುಹೋಗಬಹುದಿತ್ತು. ಚಳಿಗಾಲದಲ್ಲಿ ಹೋದರೆ ಕೋಟೆಯ ಕೆಳಗಿನ ಕೆಸರು ತೀರದಲ್ಲಿ ರಾಜಹಂಸಗಳ ಹಿಂಡು ನೋಡಲು ಸಿಗುತ್ತದೆ.

ಬಾಂದ್ರಾದ ತುದಿಯಲ್ಲಿ 1640ರ ಪೋರ್ಚುಗೀಸ್ ಕೋಟೆ ಇದೆ. ಗೋವಾದ ಕೋಟೆಯ ಹಾಗೆ ಇದಕ್ಕೂ ಅಗ್ವಾದ ಎಂದೇ ಹೆಸರು, ಹಡಗುಗಳು ಸಿಹಿನೀರು ತುಂಬಿಕೊಳ್ಳುವ ತಾಣ ಎಂದರ್ಥ. ವರ್ಳಿಯ ಕೋಟೆಗೆ ಕೋಳಿವಾಡದ ಓಣಿಗಳಲ್ಲಿ ಹಾದು ಹೋಗಬೇಕು. ಮೀನುಗಾರರ ಮನೆಯಂಗಳದಲ್ಲಿ ನಡೆಯುತ್ತಿದ್ದೀರಿ ಎಂಬುದು ನೆನಪಿರಲಿ. ಧಾರಾವಿಯ ಕಾಲಾ ಕಿಲ್ಲಾದಲ್ಲಿ 1737ರ ಗವರ್ನರ್ ಹಾರ್ನ್ ಹೆಸರಿನ ಕಲ್ಲು ಇದೆ, ಅಷ್ಟೇ.

ಇಡೀ ದಿನ ಇದ್ದರೆ ಮಾತ್ರ ವಸಯಿ. 1739ರ ಮೇ ತಿಂಗಳಲ್ಲಿ ಮರಾಠ ಸೇನಾನಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ಗೆದ್ದ ಕೋಟೆ. ಅಲ್ಲಿನ ಇಗರ್ಜಿಗಳ ಗಂಟೆಗಳನ್ನು ಮರಾಠರು ತಮ್ಮ ದೇವಾಲಯಗಳಿಗೆ ಒಯ್ದರು. ನಾಸಿಕದ ನಾರೋಶಂಕರ ಗುಡಿಯಲ್ಲಿ ಅಂಥದೊಂದು ಗಂಟೆ ಇಂದೂ ಇದೆ.

1946ರ ನಾವಿಕರ ದಂಗೆಯ ಗುರುತು ಎಲ್ಲಾದರೂ ಇದೆಯೇ?

ಕೊಲಾಬಾದ ಕೂಪರೇಜ್ ಬಳಿ ಒಂದು ಪುಟ್ಟ ಉದ್ಯಾನದಲ್ಲಿ ನಾವಿಕನ ಪ್ರತಿಮೆಯಿದೆ. ಪಕ್ಕದಲ್ಲಿ ಹಾದುಹೋಗುವ ಹೆಚ್ಚಿನವರಿಗೆ ಅದು ಯಾರೆಂದು ತಿಳಿಯದು. 1946ರ ಫೆಬ್ರುವರಿ 18ರಂದು ಕೊಲಾಬಾದ ತಲ್ವಾರ್ ಎಂಬ ಸಂಕೇತ ತರಬೇತಿ ನೆಲೆಯಲ್ಲಿ ನಾವಿಕರು ಊಟ ನಿರಾಕರಿಸಿದರು. ಹಾಳು ಅನ್ನ, ಬಿಳಿಯ ಅಧಿಕಾರಿಗಳ ಬೈಗುಳ, ಸಂಬಳದ ತಾರತಮ್ಯ ಇವೆಲ್ಲ ಸೇರಿ ಕುದಿಯುತ್ತಿದ್ದವು. ಎರಡೇ ದಿನದಲ್ಲಿ ಬಂದರಿನ ಹಡಗುಗಳ ಮೇಲೆ ಬ್ರಿಟಿಷ್ ಧ್ವಜ ಇಳಿದು ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟಗಳು ಒಟ್ಟಿಗೆ ಹಾರಿದವು. ಮುಷ್ಕರ ಸಮಿತಿಯ ಮುಂದಾಳುಗಳು ಎಂ. ಎಸ್. ಖಾನ್ ಮತ್ತು ಮದನ್ ಸಿಂಗ್. ದೇಶದ ಹಲವು ಬಂದರುಗಳಿಗೆ ಹಬ್ಬಿ 78 ಹಡಗುಗಳು, ಸುಮಾರು 20,000 ನಾವಿಕರು ಅದರಲ್ಲಿ ಸೇರಿದರು ಎಂಬ ಲೆಕ್ಕವಿದೆ. ಗೇಟ್‌ವೇಯ ಬಳಿ ಊರಿನ ಜನ ಅವರಿಗಾಗಿ ಹಣ್ಣು, ಬ್ರೆಡ್ ತಂದುಕೊಟ್ಟರು. ಬೀದಿಗಿಳಿದ ಜನರ ಮೇಲೆ ಗುಂಡು ಹಾರಿಸಿದಾಗ ಸತ್ತವರು ಇನ್ನೂರಕ್ಕೂ ಹೆಚ್ಚು. ವಲ್ಲಭಭಾಯಿ ಪಟೇಲರ ಮಾತಿಗೆ ಒಪ್ಪಿ 23ರಂದು ನಾವಿಕರು ಶರಣಾದರು.

ಗೇಟ್‌ವೇ ನೋಡುವಾಗ ಈ ಪುಟ್ಟ ಉದ್ಯಾನವನ್ನೂ ಸೇರಿಸಿಕೊಳ್ಳಿ. ಬ್ರಿಟಿಷ್ ಸೇನೆಯ ಕೊನೆಯ ತುಕಡಿ 1948ರ ಫೆಬ್ರುವರಿ 28ರಂದು ಗೇಟ್‌ವೇಯ ಕಮಾನಿನಡಿಯಲ್ಲಿ ನಡೆದು ಹಡಗು ಹತ್ತಿತು. ಎರಡು ವರ್ಷ ಹಿಂದೆ ಊಟದ ತಟ್ಟೆ ಸರಿಸಿದ ಹುಡುಗರ ಪಾಲೂ ಅದರಲ್ಲಿದೆ ಎಂದು ನಾನು ನಂಬಿದ್ದೇನೆ.

ಬಂದರಿನಲ್ಲಿ ಹಡಗು ಸಿಡಿದ ಕಥೆಯನ್ನು ಅಜ್ಜ ಹೇಳುತ್ತಿದ್ದರು. ಅದು ಯಾವುದು?

1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳ ಜೊತೆಗೇ ಹತ್ತಿಯ ಅಂಡಿಗೆಗಳನ್ನೂ ಚಿನ್ನದ ಗಟ್ಟಿಗಳನ್ನೂ ತುಂಬಿದ್ದರು. ಬೆಂಕಿ ಹತ್ತಿ, ಸಂಜೆ ನಾಲ್ಕರ ಬಳಿಕ ಎರಡು ಬಾರಿ ಸಿಡಿಯಿತು. ನೂರಾರು ಜನ ಸತ್ತರು, ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಹಿಂದಿರುಗಲಿಲ್ಲ. ದೇಶದಲ್ಲಿ ಪ್ರತಿ ವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗೆ. ಭಾಯಖಳಾದ ಅಗ್ನಿಶಾಮಕ ಕೇಂದ್ರ ಕಚೇರಿಯಲ್ಲಿ ಸ್ಮಾರಕವಿದೆ. ಹಡಗಿನ ಚಿನ್ನದ ಗಟ್ಟಿಗಳು ದಶಕಗಳ ಬಳಿಕವೂ ಬಂದರಿನ ಹೂಳಿನಲ್ಲಿ ಸಿಕ್ಕವು.

ರಾಜಭವನದ ಕೆಳಗೆ ಬಂಕರ್ ಸಿಕ್ಕಿತಂತೆ. ಅದನ್ನು ನೋಡಬಹುದೇ?

ನೋಡಬಹುದು, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಮಲಬಾರ್ ಹಿಲ್‌ನ ರಾಜಭವನದಲ್ಲಿ 2016ರ ಆಗಸ್ಟ್‌ನಲ್ಲಿ ಮುಚ್ಚಿದ್ದ ಗೋಡೆಯೊಂದನ್ನು ಒಡೆದಾಗ ನೆಲದಡಿಯಲ್ಲಿ 13 ಕೋಣೆಗಳ ಬಂಕರ್ ಸಿಕ್ಕಿತು. ಮದ್ದುಗುಂಡು ಇಡುವ ಕೋಣೆಗಳ ಹೆಸರು ಗೋಡೆಗಳ ಮೇಲೆ ಹಾಗೆಯೇ ಇತ್ತು. 2019ರಲ್ಲಿ ಅದನ್ನು ಮ್ಯೂಸಿಯಂ ಆಗಿ ತೆರೆದರು. ಗುರುತಿನ ಚೀಟಿ ಮರೆಯಬೇಡಿ.

ಚರ್ಚುಗಳಲ್ಲಿ ಸೈನಿಕರ ಹೆಸರುಗಳಿವೆ ಎನ್ನುತ್ತಾರೆ.

ಕೊಲಾಬಾದ ನೇವಿ ನಗರದಲ್ಲಿರುವ ಅಫ್ಘನ್ ಚರ್ಚ್ 1838ರಿಂದ 1842ರವರೆಗಿನ ಮೊದಲ ಅಫ್ಘನ್ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಸುಮಾರು 60 ಮೀಟರ್ ಎತ್ತರದ ಅದರ ಗೋಪುರ ಹಡಗುಗಳಿಗೂ ಗುರುತಾಗಿತ್ತು. ಗೋಡೆಯ ಮೇಲೆ ಹೆಸರುಗಳಿವೆ, ಅವು ಬ್ರಿಟಿಷ್ ಹೆಸರುಗಳು. ಅದೇ ಯುದ್ಧದ ಹಿಮದಲ್ಲಿ ಸತ್ತ ನಮ್ಮ ನೆಲದ ಸಾವಿರಾರು ಸಿಪಾಯಿಗಳ ಹೆಸರು ಹುಡುಕಿದರೂ ಸಿಗುವುದಿಲ್ಲ.

ಅದಕ್ಕೇ ನಾನು ಮಸೀದಿ ಬಂದರಿನ ನಾವಿಕರ ಮನೆಗೂ ಹೋಗಿ ಎನ್ನುತ್ತೇನೆ. ಇಂಡಿಯನ್ ಸೇಲರ್ಸ್ ಹೋಮ್ ಎಂಬ ಆ ಕಟ್ಟಡದಲ್ಲಿ ಮೊದಲ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಮಡಿದ, ಸಮಾಧಿಯಿಲ್ಲದ 2,000ಕ್ಕೂ ಹೆಚ್ಚು ಭಾರತೀಯ ನಾವಿಕರ ಸ್ಮಾರಕವಿದೆ. ಎರಡನೆಯ ಮಹಾಯುದ್ಧದ ನಾವಿಕರನ್ನೂ ಅಲ್ಲಿ ಸ್ಮರಿಸಲಾಗಿದೆ. ಹೆಚ್ಚಿನವರು ವ್ಯಾಪಾರಿ ಹಡಗುಗಳಲ್ಲಿ ದುಡಿಯಲು ಹೋದ ಬಡ ಖಲಾಸಿಗಳು.

ನೌಕಾಪಡೆಯ ಹಡಗುಗಳನ್ನು ಜನರಿಗೆ ತೋರಿಸುವ ದಿನ ಇದೆಯೇ? ಫೋಟೊ ತೆಗೆಯಬಹುದೇ?

ಡಿಸೆಂಬರ್ 4 ನೌಕಾಪಡೆಯ ದಿನ. 1971ರಲ್ಲಿ ಆ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮೇಲೆ ಎರಗಿದ ನೆನಪು. ಅದರ ಆಸುಪಾಸಿನಲ್ಲಿ ಕೆಲವು ಹಡಗುಗಳನ್ನು ಶಾಲಾ ಮಕ್ಕಳಿಗೂ ಜನರಿಗೂ ತೆರೆಯುವ ರೂಢಿಯಿದೆ. ನವೆಂಬರ್ ಕೊನೆಯಿಂದ ಪತ್ರಿಕೆಗಳನ್ನು ಗಮನಿಸುತ್ತಿರಿ. ನೌಕಾನೆಲೆಯ ಗೋಡೆ, ಗೇಟು, ಲಂಗರು ಹಾಕಿದ ಯುದ್ಧನೌಕೆಗಳತ್ತ ಕ್ಯಾಮೆರಾ ತಿರುಗಿಸಬೇಡಿ. ಕಾವಲಿನವರು ಬೇಡ ಎಂದರೆ ವಾದಿಸದೆ ಮೊಬೈಲ್ ಜೇಬಿಗೆ ಹಾಕಿ.

ಯಾವ ತಿಂಗಳು, ಯಾವ ವಾರ ಒಳ್ಳೆಯದು?

ನವೆಂಬರ್‌ನಿಂದ ಫೆಬ್ರುವರಿ. ಎಲಿಫೆಂಟಾ ಸೋಮವಾರ, ಭಾವು ದಾಜಿ ಲಾಡ್ ಬುಧವಾರ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಸಮುದ್ರ ಒರಟಾದರೆ ದೋಣಿ ಬಿಡುವುದಿಲ್ಲ, ಕೋಟೆಯ ಮೆಟ್ಟಿಲುಗಳೂ ಜಾರುತ್ತವೆ. ದೋಣಿಯಲ್ಲಿ ಲೈಫ್ ಜಾಕೆಟ್ ಕೊಟ್ಟರೆ ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಳ್ಳದೆ ತೊಟ್ಟುಕೊಳ್ಳಿ.

ನಮ್ಮ ಅಜ್ಜ ಹಡಗಿನಲ್ಲಿ ದುಡಿದವರು. ಅವರ ಹಳೆಯ ಕಾಗದಪತ್ರ ಮನೆಯಲ್ಲಿದೆ. ಏನು ಮಾಡಲಿ?

ಮೊದಲನೆಯದಾಗಿ, ಬಿಸಾಡಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಅದು ಕಾಗದವನ್ನು ಒಳಗೊಳಗೇ ಕೊಲ್ಲುತ್ತದೆ. ಸೇವಾ ಪುಸ್ತಕ, ಪದಕ, ಪಾಸ್, ಪತ್ರ, ಫೋಟೊ ಯಾವುದಿದ್ದರೂ ಬೇರೆ ಬೇರೆ ಬಿಳಿ ಕಾಗದದ ಲಕೋಟೆಯಲ್ಲಿ, ತೇವವಿಲ್ಲದ ಕಡೆ ಇಡಿ. ಫೋಟೊದ ಹಿಂದೆ ಪೆನ್ಸಿಲಿನಿಂದ ಮೆಲ್ಲಗೆ ಹೆಸರು, ಊರು, ತಿಳಿದಷ್ಟು ಇಸವಿ ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಇದೇ ವಾರ ಕುಳಿತು ಅವರ ಬಾಯಿಂದ ಹಡಗಿನ ಹೆಸರು, ಹತ್ತಿದ ಬಂದರು, ಜೊತೆಗಿದ್ದವರ ಹೆಸರು ಕೇಳಿ ಬರೆದುಕೊಳ್ಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ.

ಹೆಚ್ಚಿನ ಹುಡುಕಾಟಕ್ಕೆ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರವಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದವು. ಆದ್ದರಿಂದ ಆ ಕಡೆಯವರ ಹಳೆಯ ಕಡತಗಳು ಅಲ್ಲಿರುವ ಸಾಧ್ಯತೆ ಹೆಚ್ಚು. ಹೋಗುವಾಗ ಅಜ್ಜನ ಪೂರ್ತಿ ಹೆಸರು, ತಂದೆಯ ಹೆಸರು, ಹಳ್ಳಿ, ಆಗಿನ ತಾಲ್ಲೂಕು ಇಷ್ಟನ್ನೂ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲೂ ಬರೆದುಕೊಂಡು ಹೋಗಿ. ಹಳೆಯ ಕಡತಗಳಲ್ಲಿ ನಮ್ಮ ಊರುಗಳ ಹೆಸರನ್ನು ಹತ್ತು ಬಗೆಯಲ್ಲಿ ಬರೆದಿರುತ್ತಾರೆ, ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.